ಲಸಿಕೆ ಪ್ರಮಾಣ ಶೇ. 108 ಬರುವುದು ಹೇಗೆ?

ನಿಮ್ಮ ತಾಲ್ಲೂಕಿನ ವರದಿಯಲ್ಲಿ ಶೇ. 108 ಮಕ್ಕಳಿಗೆ ಲಸಿಕೆ ಆಗಿದೆ ಅಂತ ಇದೆ, ಇದು ಸಾಧ್ಯವೇ ಎಂದು ಕೇಳಿದ್ದೀರಿ. ಹಾಕಿದ ಲಸಿಕೆಯ ಲೆಕ್ಕ ಸರಿಯಿದ್ದರೂ ಹೀಗೆ ಬರಬಹುದು. ತಪ್ಪು ಹೆಚ್ಚಾಗಿ ಇರುವುದು ಕೆಳಗಿನ ಸಂಖ್ಯೆಯಲ್ಲಿ, ಅಂದರೆ ಛೇದದಲ್ಲಿ: ಲಸಿಕೆ ಹಾಕಬೇಕಾದ ಒಟ್ಟು ಮಕ್ಕಳ ಸಂಖ್ಯೆಯಲ್ಲಿ.

ಅದು ಸಾಮಾನ್ಯವಾಗಿ 2011ರ ಜನಗಣತಿಯನ್ನು ಮುಂದಕ್ಕೆ ಎಳೆದು, ಜನನ ದರದಿಂದ ಗುಣಿಸಿದ ಅಂದಾಜು. ಅಷ್ಟರಲ್ಲಿ ಊರು ಬೆಳೆದಿರುತ್ತದೆ, ಜನ ವಲಸೆ ಹೋಗಿರುತ್ತಾರೆ. ನಮ್ಮಲ್ಲಿ ಚೊಚ್ಚಲ ಹೆರಿಗೆಗೆ ತವರಿಗೆ ಹೋಗುತ್ತಾರೆ ಅಲ್ವಾ? ಮಗುವಿನ ಬಿಸಿಜಿ (ಕ್ಷಯ ತಡೆಯುವ ಲಸಿಕೆ) ತವರಿನ ಲೆಕ್ಕಕ್ಕೆ, ಮುಂದಿನ ಡೋಸ್ ಗಂಡನ ಊರಿನ ಲೆಕ್ಕಕ್ಕೆ!

ಸೇವೆಗೆ ತಕ್ಕ ಛೇದ ಬೇಕು. ಹುಟ್ಟಿದ ಕೂಡಲೇ ಹಾಕುವ ಬಿಸಿಜಿಗೆ ಜೀವಂತ ಜನನಗಳ ಸಂಖ್ಯೆ. 14 ವಾರಕ್ಕೆ ಕೊಡುವ ಪೆಂಟಾ (ಐದು ರೋಗಗಳಿಗೆ ಒಂದೇ ಲಸಿಕೆ) ಮೂರನೇ ಡೋಸ್‌ಗೆ, ಅದರಲ್ಲಿ ತೀರಿಕೊಂಡ ಶಿಶುಗಳನ್ನು ಕಳೆದು ಉಳಿದವರು. ಗರ್ಭಿಣಿಯರ ತಪಾಸಣೆಗೆ ಗರ್ಭಪಾತಗಳನ್ನೂ ಸೇರಿಸಬೇಕು, ಹಾಗಾಗಿ ಸಂಖ್ಯೆ ಜನನಗಳಿಗಿಂತ ಜಾಸ್ತಿ.

ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ಮಾಡಿದ ಪಟ್ಟಿ ಸಿಕ್ಕರೆ ನಾನು ಅದನ್ನೇ ಹೆಚ್ಚು ನಂಬುತ್ತೇನೆ. ಆದರೆ ಕಟ್ಟಡ ಕೆಲಸದವರ ಶೆಡ್‌ಗಳು, ಗುಡಿಸಲುಗಳು ಅದರಲ್ಲಿ ಇವೆಯೇ ಅಂತ ಮೊದಲು ನೋಡಿ. ಲಸಿಕೆ ತಪ್ಪುವುದು ಹೆಚ್ಚಾಗಿ ಅಲ್ಲಿನ ಮಕ್ಕಳಿಗೇ, ಪಟ್ಟಿಯಿಂದ ಬಿಟ್ಟುಹೋಗುವುದೂ ಅವರೇ.