9 ವರ್ಷ ನಿಂತ 1210 ಲಾರಿ: ಬ್ಯಾಟರಿ ತರೋಕೆ ಮೊದಲು ಇಷ್ಟು ನೋಡು

ತಮಾ, ನಿನ್ನ ಪೋಸ್ಟ್ ನಿನ್ನೆ ರಾತ್ರಿನೇ ಓದಿದೆ, ಫೋನಲ್ಲಿ ಇಷ್ಟುದ್ದ ಬರೆಯೋಕೆ ಪುರಸೊತ್ತು ಆಗಿರ್ಲಿಲ್ಲ, ಈಗ ಕೂತು ಬರೀತಿದೀನಿ. ಅಪ್ಪ ಚಿರೆಕಲ್ಲು ಹೊಡೀತಿದ್ದ ಟಾಟಾ 1210, ಹೊನ್ನಾವರ ಹೊಳೆಸಾಲಲ್ಲಿ ಮನೆ ಹಿಂದಿನ ಶೆಡ್ಡಲ್ಲಿ 9 ವರ್ಷದಿಂದ ನಿಂತಿದೆ, ಹೊಸ ಬ್ಯಾಟರಿ ತಂದು ಡೀಸೆಲ್ ಹಾಕಿ ಸೆಲ್ಫ್ ಹೊಡೆದ್ರೆ ಸ್ಟಾರ್ಟ್ ಆಗತ್ತಾ ಅಂತ ಕೇಳಿದೀಯ. ಕೆಳಗೆ ನಾಲ್ಕೈದು ಜನ ಜೆಸಿಬಿಗೆ ಕಟ್ಟಿ ಎಳ್ಸು, ಟಾಪ್ ಗೇರಲ್ಲಿ ಕ್ಲಚ್ ಬಿಡು, ತಾನಾಗಿ ಏಳತ್ತೆ ಅಂತ ಬರ್ದಿದಾರೆ. ಅವರು ಒಳ್ಳೆ ಮನಸ್ಸಿಂದಲೇ ಹೇಳಿದ್ದು, ಆದ್ರೆ ದಯವಿಟ್ಟು ಆ ಕೆಲಸ ಮಾಡ್ಬೇಡ.

ಯಾಕೆ ಅಂತ ಹೇಳ್ತೀನಿ. 2011ರಲ್ಲಿ ಬಳ್ಳಾರಿ ಗಣಿ ನಿಂತ ಮೇಲೆ ಅಂಕೋಲಾ ಬೇಲೆಕೇರಿ ಕಡೆ ಅದಿರು ಹೊಡೀತಿದ್ದ ಎಷ್ಟೋ ಲಾರಿ ನಿಂತಲ್ಲೇ ನಿಂತ್ವಲ್ಲ, ಅಂಥದ್ದೊಂದನ್ನ ಕೆಲವು ವರ್ಷ ಬಿಟ್ಟು ನಾನೂ ನಮ್ಮ ಭಾವನೂ ಸೇರಿ ತಗೊಂಡ್ವಿ. ಅವಸರ ಮಾಡಿ ಟ್ರ್ಯಾಕ್ಟರಿಗೆ ಕಟ್ಟಿ ಎಳೆಸಿದ್ವಿ. ಹತ್ತು ಮಾರು ಹೋಗೋದ್ರೊಳಗೆ ಟಣ್ ಅಂತ ಒಂದೇ ಶಬ್ದ, ಹಿಂದಿನ ಚಕ್ರ ಲಾಕ್ ಆಗಿ ಮಣ್ಣಲ್ಲಿ ಗೆರೆ ಎಳ್ಕೊಂಡು ಹೋತು. ಬಿಚ್ಚಿ ನೋಡಿದ್ರೆ ಒಂದು ಸಿಲಿಂಡರಲ್ಲಿ ನೀರು ನಿಂತಿತ್ತು. ಗಾಳಿ ಆದ್ರೆ ಪಿಸ್ಟನ್ ಒತ್ತಿದಾಗ ಕುಗ್ಗತ್ತೆ, ನೀರು ಕುಗ್ಗಲ್ಲ, ಅದಕ್ಕೆ ಕನೆಕ್ಟಿಂಗ್ ರಾಡ್ ಬಾಗಿತ್ತು. ಸೆಲ್ಫ್ ಹೊಡೆದಿದ್ರೆ ಬಹುಶಃ ಮೋಟರ್ ತಿರುಗದೆ ನಿಂತ್ಬಿಡ್ತಿತ್ತು ಅಷ್ಟೇ, ಆದ್ರೆ ಟ್ರ್ಯಾಕ್ಟರ್ ಎಳೆಯೋವಾಗ ಎಂಜಿನ್ನಿಗೆ ಬೇಡ ಅನ್ನೋಕೆ ದಾರಿನೇ ಇರಲ್ಲ. ಮತ್ತೆ 9 ವರ್ಷ ನಿಂತ ಗಾಡಿಗೆ ಬ್ರೇಕ್ ಇರಲ್ಲ ಅಂತಲೇ ತಿಳ್ಕೋ, ವೀಲ್ ಸಿಲಿಂಡರ್ ಹಿಡ್ದು ಜಾಮ್ ಆಗಿರತ್ತೆ, ಕ್ಲಚ್ ಪ್ಲೇಟ್ ತುಕ್ಕಿಗೆ ಫ್ಲೈವೀಲಿಗೆ ಅಂಟಿರತ್ತೆ, ಪೆಡಲ್ ಒತ್ತಿದ್ರೂ ಬಿಡಲ್ಲ.

ಬ್ಯಾಟರಿಗೆ ಈಗಲೇ ದುಡ್ಡು ಹಾಕ್ಬೇಡ. ಮೊದಲನೇ ಒಂದು ವಾರದ ಕೆಲಸಕ್ಕೆ ಬ್ಯಾಟರಿ ಬೇಕಾಗೇ ಇಲ್ಲ.

ಶೆಡ್ಡಿಗೆ ಹೋಗೋವಾಗ ಬ್ಯಾಟರಿ ತಗೋ (ಟಾರ್ಚು ಅಂದೆ), ಕೋಲು ಹಿಡ್ಕೊಂಡು ಹೋಗು. ಛಾಸಿ ಸಂದಿ, ಸೀಟಿನ ಕೆಳಗೆ, ಬಾನೆಟ್ ಒಳಗೆ ಚೆನ್ನಾಗಿ ನೋಡಿನೇ ಕೈ ಹಾಕು. ಇಲಿ ಇದ್ದಲ್ಲಿ ಹಾವು ಬರೋದು ನಮ್ಮ ಕಡೆ ಹೊಸದಲ್ಲ. ಇಲಿ ವೈರ್ ಕಡ್ದಿರತ್ತೆ, ಅದನ್ನ ಆಮೇಲೆ ನೋಡಿದ್ರಾತು, ಈಗ ನೋಡ್ಬೇಕಾದ್ದು ಏರ್ ಕ್ಲೀನರ್. ಹಳೇ ಗಾಡಿಗೆ ಆಯಿಲ್ ತುಂಬೋ ಏರ್ ಕ್ಲೀನರ್ ಇರತ್ತಲ್ಲ, ಅದನ್ನ ಪೂರ್ತಿ ಇಳಿಸಿ ಬಟ್ಟಲು ಬಿಚ್ಚಿ ನೋಡು. ನಮ್ಮ ಚಿಕ್ಕಪ್ಪನ 1210ರಲ್ಲಿ ಅದರೊಳಗೆ ಒಣಗಿದ ಅಡಿಕೆ ಸಿಪ್ಪೆ, ಗೋಣಿನಾರು ಸೇರಿ ಒಂದು ಬುಟ್ಟಿ ಆಗೋವಷ್ಟು ಇಲಿ ಗೂಡು ಇತ್ತು, ಪೈಪಿನ ಬಾಯಲ್ಲಿ ಕಡಜ ಮಣ್ಣಿನ ಗೂಡು ಕಟ್ಟಿತ್ತು. ಆ ಮಣ್ಣು ಒಂದು ಚಿಟಿಕೆ ಒಳಗೆ ಹೋದ್ರೂ ಲೈನರಿಗೆ (ಪಿಸ್ಟನ್ ಓಡಾಡೋ ಕೊಳವೆಗೆ) ಉಪ್ಪುಕಾಗದ ತಿಕ್ಕಿದ ಹಾಗೆ. ಬಟ್ಟಲಿಗೆ ಹೊಸ ಆಯಿಲ್ ಹಾಕೋವಾಗ ಗೆರೆ ದಾಟ್ಬೇಡ, ಜಾಸ್ತಿ ಇದ್ರೆ ಎಂಜಿನ್ ಅದನ್ನೇ ಎಳ್ಕೊಂಡು ಉರಿಸ್ತದೆ.

ಆಮೇಲೆ ಎಂಜಿನ್ ಆಯಿಲ್. ಡಿಪ್ ಸ್ಟಿಕ್ ತೆಗೆದು ನೋಡು, ಲೆವೆಲ್ ಅಪ್ಪ ನಿಲ್ಲಿಸಿದಾಗಿಂದಕ್ಕಿಂತ ಮೇಲೆ ಇದ್ರೆ ಒಳಗೆ ನೀರೋ ಡೀಸೆಲೋ ಸೇರಿದೆ ಅಂತ ಅರ್ಥ. ಡ್ರೇನ್ ನಟ್ಟನ್ನ ಒಂದೇ ಸಲ ಬಿಚ್ಚಬೇಡ, ಸ್ವಲ್ಪ ಸಡಿಲ ಮಾಡಿ ಕೆಳಗೆ ಒಂದು ಗಾಜಿನ ಬಾಟ್ಲಿ ಹಿಡಿ. ನೀರು ಆಯಿಲಿಗಿಂತ ಭಾರ, ತಳಕ್ಕೆ ಇಳಿದಿರತ್ತೆ, ಹಾಗಾಗಿ ಮೊದಲು ಬರೋದು ನೀರೇ. ಎರಡು ಚಮಚ ಬಂದ್ರೆ ಮಳೆಗಾಲದ ಥಂಡಿಗೆ ಬೆವರಿದ್ದು, ಚಿಂತೆ ಬೇಡ. ಅರ್ಧ ಲೀಟರ್ ಬಂತು ಅಂದ್ರೆ ರೇಡಿಯೇಟರ್ ನೀರು ಒಳಗೆ ಇಳಿದಿದೆ, ಹೆಡ್ ಗ್ಯಾಸ್ಕೆಟ್ ಹೋಗಿರ್ಬಹುದು, ಅಲ್ಲಿಗೆ ನಿಲ್ಸಿ ಮೆಕ್ಯಾನಿಕ್ ಕರ್ಸು. ನೀರಿಲ್ಲದಿದ್ರೆ ಹಳೇದು ಪೂರ್ತಿ ಇಳಿಸಿ, ಫಿಲ್ಟರ್ ಬದಲಾಯಿಸಿ 15ಡಬ್ಲ್ಯೂ-40 ಹಾಕು. ಈ ಆಯಿಲ್ ಬರೀ ತೊಳೆಯೋಕೆ, ನಾಲ್ಕೈದು ತಾಸು ಓಡಿದ ಮೇಲೆ ಮತ್ತೆ ಬದಲಾಯಿಸ್ಬೇಕು, ಹಾಗಾಗಿ ದುಬಾರಿದು ಬೇಡ.

ಈಗ ಮುಖ್ಯ ಕೆಲಸ. ಆರೂ ನಾಝಲ್ (ಸಿಲಿಂಡರಿಗೆ ಡೀಸೆಲ್ ಚಿಮ್ಮಿಸೋ ಮೂತಿ) ಬಿಚ್ಚು. ಬಿಚ್ಚೋ ಹಿಂದಿನ ದಿನ ಸಂಜೆ ನಟ್ಟುಗಳ ಬುಡಕ್ಕೆ ಡೀಸೆಲ್ ಬಿಟ್ಟಿಡು, ಸುತ್ತ ಮಣ್ಣು ಕಸ ಬ್ರಶ್ಶಲ್ಲಿ ತೆಗಿ, ಪೈಪ್ ಬಿಚ್ಚಿದ ತಕ್ಷಣ ಬಾಯಿಗೆ ಪ್ಲಾಸ್ಟಿಕ್ ಕಟ್ಟು. ಯಾವ ನಾಝಲ್ ಯಾವ ಸಿಲಿಂಡರಿಂದು ಅಂತ ಗುರುತು ಹಾಕು. ನಾಝಲ್ಲನ್ನ ಕೈಯಲ್ಲಿ ಕ್ಲೀನ್ ಮಾಡೋಕೆ ಹೋಗ್ಬೇಡ, ಪಂಪ್ ನಾಝಲ್ ಅಂಗಡಿಲಿ ಕೊಟ್ರೆ ಪ್ರೆಶರ್ ನೋಡಿ ಸ್ಪ್ರೇ ಸರಿ ಮಾಡಿ ಕೊಡ್ತಾರೆ, ಆ ಖರ್ಚು ಉಳಿಸ್ಬೇಡ. ವಾಪಸ್ ಕೂರಿಸೋವಾಗ ತಾಮ್ರದ ವಾಷರ್ ಹೊಸದೇ ಹಾಕು.

ನಾಝಲ್ ತೂತಿಂದ ಪ್ರತಿ ಸಿಲಿಂಡರಿಗೂ ಡೀಸೆಲ್ಲು ಎಂಜಿನ್ ಆಯಿಲ್ಲು ಅರ್ಧರ್ಧ ಸೇರಿಸಿದ್ದು ಒಂದು ಟೀ ಲೋಟದಷ್ಟು ಬಿಡು. ಬಿಟ್ಟು ಎರಡು ಮೂರು ದಿನ ಮರ್ತುಬಿಡು. ಆರು ಸಿಲಿಂಡರ್ ಎಂಜಿನ್ ನಿಂತಾಗ ಕೆಲವು ಸಿಲಿಂಡರಿನ ವಾಲ್ವ್ ತೆರೆದೇ ಇರತ್ತೆ, ನಮ್ಮ ಕರಾವಳಿಯ ಉಪ್ಪು ಗಾಳಿ, ಜೂನಿಂದ ಸೆಪ್ಟೆಂಬರ್ ತನಕದ ಥಂಡಿ ಎಲ್ಲ ಅದೇ ದಾರಿಲಿ ಒಳಗೆ ಹೋಗಿ ಪಿಸ್ಟನ್ ರಿಂಗನ್ನ ಲೈನರಿಗೆ ಕಚ್ಚಿಸ್ತದೆ. ಸಿರ್ಸಿ ಕಡೆ ಮಳೆ ಇದ್ರೂ ಉಪ್ಪಿಲ್ಲ, ನಿನ್ನ ಗಾಡಿಗೆ ಎರಡೂ ಬಿದ್ದಿದೆ. ಮೂರನೇ ದಿನ ಒಂದು ತಂತಿ ಇಳಿಸಿ ಅಳತೆ ನೋಡು, ಯಾವುದರಲ್ಲಿ ಆಯಿಲ್ ಹಾಗೇ ನಿಂತಿದೆ ಯಾವುದರಲ್ಲಿ ಇಳಿದಿದೆ ಅಂತ ಬರ್ದಿಟ್ಕೋ. ಚಿಕ್ಕಪ್ಪನ ಗಾಡಿಲಿ ಐದರಲ್ಲಿ ನಿಧಾನಕ್ಕೆ ಇಳಿದಿತ್ತು, ನಾಲ್ಕನೇದು ಮಾತ್ರ ಹಾಕಿದಷ್ಟೂ ಹಾಗೇ ಇತ್ತು, ಹಿಡಿದಿದ್ದೂ ಅದೇ.

ನಂತರ ಗೇರ್ ನ್ಯೂಟ್ರಲ್ ಇದ್ಯಾ ನೋಡಿ, ಚಕ್ರಕ್ಕೆ ಕಲ್ಲು ಕೊಟ್ಟು, ಮುಂದಿನ ಪುಲ್ಲಿ ನಟ್ಟಿಗೆ ಸಾಕೆಟ್ ಹಾಕಿ ಉದ್ದ ಪೈಪ್ ಕೊಟ್ಟು ತಿರುಗ್ಸು. ನಾಝಲ್ ಬಿಚ್ಚಿರೋದ್ರಿಂದ ಕಂಪ್ರೆಷನ್ ಇಲ್ಲ, ಹಿಡಿದಿಲ್ಲದ ಎಂಜಿನ್ ಒಬ್ಬ ಮನುಷ್ಯನ ಕೈಗೇ ತಿರುಗ್ಬೇಕು. ತಿರುಗ್ಲಿಲ್ಲ ಅಂದ್ರೆ ಪೈಪ್ ಮೇಲೆ ಹತ್ತಿ ಕುಣಿಬೇಡ. ಒಂದು ಕೂದಲೆಳೆ ಮುಂದೆ, ಒಂದು ಕೂದಲೆಳೆ ಹಿಂದೆ, ಮತ್ತೆ ಆಯಿಲ್ ಬಿಡು, ನಾಳೆ ಬಾ. ನಮಗೆ ಹನ್ನೊಂದು ದಿನ ಹಿಡೀತು. ಹನ್ನೆರಡನೇ ದಿನ ಬೆಳಿಗ್ಗೆ ಕೈ ಇಟ್ಟಾಗ ಒಳಗಿಂದ ಟಿಕ್ ಅಂತ ಸಣ್ಣ ಶಬ್ದ, ಪುಲ್ಲಿ ಮೇಲೆ ಸೀಮೆಸುಣ್ಣದಲ್ಲಿ ಹಾಕಿದ್ದ ಗೆರೆ ಅರ್ಧ ಇಂಚು ಸರಿದಿತ್ತು, ಚಿಕ್ಕಪ್ಪ ಏನೂ ಮಾತಾಡದೆ ಆ ಗೆರೆ ಮೇಲೆ ಬೆರಳಿಟ್ಟು ನೋಡಿದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ತಿರುಗೋಕೆ ಶುರುವಾದ್ಮೇಲೆ ಎಂಜಿನ್ ತಲೆ ಮೇಲಿನ ಟ್ಯಾಪೆಟ್ ಕವರ್ ತೆಗಿ, ವಾಲ್ವ್ ಒತ್ತೋ ರಾಕರ್ ಮೇಲೆಲ್ಲ ಆಯಿಲ್ ಸುರಿ, ಪೂರ್ತಿ ಎರಡು ಸುತ್ತು ತಿರುಗ್ಸು. ಎರಡು ಸುತ್ತು ಯಾಕೆ ಅಂದ್ರೆ ಫೋರ್ ಸ್ಟ್ರೋಕಲ್ಲಿ ಎಲ್ಲಾ ವಾಲ್ವ್ ಒಂದು ಸರ್ತಿ ಕೆಲಸ ಮುಗಿಸೋಕೆ ಕ್ರ್ಯಾಂಕ್ ಎರಡು ಸುತ್ತು ಬರ್ಬೇಕು. ಹನ್ನೆರಡೂ ವಾಲ್ವ್ ಕೆಳಗೆ ಹೋಗಿ ತಾನಾಗಿ ಮೇಲೆ ಬರ್ಬೇಕು. ಒಂದು ಕೆಳಗೇ ನಿಂತ್ರೆ ಮುಂದೆ ತಿರುಗಿಸ್ಬೇಡ, ಪಿಸ್ಟನ್ ಬಂದು ಅದಕ್ಕೆ ಹೊಡಿಯತ್ತೆ. ಡೀಸೆಲ್ ಬಿಟ್ಟು ಮರದ ತುಂಡಲ್ಲಿ ಮೆಲ್ಲ ತಟ್ಟಿದ್ರೆ ಹೆಚ್ಚಾಗಿ ಬಿಡತ್ತೆ.

ಇಲ್ಲಿಂದ ನಾಝಲ್ಲಿಗೆ ಡೀಸೆಲ್ ತಳ್ಳೋ ಪಂಪ್. ಇದನ್ನ ಮಾತ್ರ ಎರಡು ಸಲ ಓದು ತಮಾ. ನಿನ್ನ ಗಾಡಿದು ಮೈಕೋ ಇನ್‌ಲೈನ್ ಪಂಪ್ ಆಗಿದ್ರೆ ಸೈಡಲ್ಲಿ ಒಂದು ಪ್ಲೇಟ್ ಇರತ್ತೆ, ಅದನ್ನ ಬಿಚ್ಚಿದ್ರೆ ಆರು ಪ್ಲಂಜರ್ (ಡೀಸೆಲ್ ಒತ್ತೋ ಸಣ್ಣ ದಂಡ) ಸಾಲಾಗಿ ಕಾಣತ್ತೆ, ಅದನ್ನೆಲ್ಲ ಒಟ್ಟಿಗೆ ತಿರುಗಿಸೋ ಉದ್ದದ ರಾಡೇ ರ‍್ಯಾಕ್. ಡೀಸೆಲ್ ಎಂಜಿನ್ನಿಗೆ ಕೀ ತಿರುಗ್ಸಿ ಆಫ್ ಮಾಡೋ ಕರೆಂಟಿನ ಬೆಂಕಿ ಇಲ್ಲ, ಅದನ್ನ ನಿಲ್ಸೋದೂ ಓಡಿಸೋದೂ ಈ ರ‍್ಯಾಕೇ. ಹಳೇ ಡೀಸೆಲ್ ಒಳಗೆ ಒಣಗಿ ಅರಗಿನ ಹಾಗೆ ಅಂಟಾಗಿ ಪ್ಲಂಜರ್ ಒಂದು ಹಿಡಿದ್ರೂ ಇಡೀ ರ‍್ಯಾಕ್ ಅಲ್ಲೇ ನಿಲ್ಲತ್ತೆ. ಅದು ಡೀಸೆಲ್ ಜಾಸ್ತಿ ಬಿಡೋ ಕಡೆ ನಿಂತಿದ್ರೆ ಎಂಜಿನ್ ಸ್ಟಾರ್ಟ್ ಆದ ಕೂಡ್ಲೇ ಫುಲ್ ರೇಸಿಗೆ ಹೋಗತ್ತೆ, ಬಂದ್ ಮಾಡೋ ಸ್ಟಾಪ್ ನಾಬ್ ಎಳೆದ್ರೂ ಕೇಳಲ್ಲ. ಇನ್ನು ಕೆಲವು ಹಳೇ ಪಂಪಿಗೆ ಹಿಂದೆ ಡಯಾಫ್ರಾಮ್ (ತೆಳು ಪೊರೆ) ಇರೋ ವ್ಯಾಕ್ಯೂಮ್ ಗವರ್ನರ್, ಅಂದ್ರೆ ಎಂಜಿನ್ ಸ್ಪೀಡ್ ಹಿಡಿತದಲ್ಲಿಡೋ ಸಾಧನ ಇರತ್ತೆ, ಅದು ಒಣಗಿ ಸೀಳಿದ್ರೂ, ಅದರ ಪೈಪನ್ನ ಇಲಿ ಕಡಿದಿದ್ರೂ ಸ್ಪ್ರಿಂಗು ರ‍್ಯಾಕನ್ನ ಡೀಸೆಲ್ ಕಡೆಗೇ ತಳ್ಳತ್ತೆ.

ಚಿಕ್ಕಪ್ಪನ ಗಾಡಿಲಿ ನಾವು ಎಂಜಿನ್ ಬಿಡಿಸಿದ ಖುಷಿಲಿ ಈ ಪ್ಲೇಟ್ ಬಿಚ್ಚಲೇ ಇಲ್ಲ. ಸೆಲ್ಫ್ ಹೊಡೆದ್ವಿ, ಎದ್ದಿತು, ಎದ್ದಿದ್ದು ಏರ್ತಾ ಏರ್ತಾ ಹೋಗಿ ಶೆಡ್ಡಿನ ತಗಡೆಲ್ಲ ನಡುಗೋಕೆ ಶುರುವಾತು, ಚಿಕ್ಕಪ್ಪ ಸ್ಟಾಪ್ ನಾಬ್ ಎಳೆದ್ರೆ ವೈರೇ ಕಿತ್ತು ಕೈಗೆ ಬಂತು. ಹೆಲ್ಪ್ ಮಾಡೋಕೆ ಬಂದಿದ್ದ ಹಳೇ ಮೆಕ್ಯಾನಿಕ್ ಒಬ್ರು ಪಕ್ಕದಲ್ಲಿದ್ದ ಅಡಿಕೆ ಒಣಗಿಸೋ ಅಟ್ಟದ ಹಲಗೆ ತುಂಡು ತಂದು ಗಾಳಿ ಪೈಪಿನ ಬಾಯಿಗೆ ಒತ್ತಿ ಹಿಡಿದ್ರು, ಐದಾರು ಸೆಕೆಂಡಲ್ಲಿ ಉಸಿರು ಕಟ್ಟಿ ನಿಂತಿತು. ಅವರು ಅಲ್ಲಿ ಇರದಿದ್ರೆ ಎಂಜಿನ್ ಚೂರು ಚೂರಾಗಿ ಯಾರಿಗೆ ಬಡೀತಿತ್ತೋ. ಅದಕ್ಕೇ ನಾನು ಹೇಳೋದು, ಸ್ಟಾರ್ಟ್ ಮಾಡೋ ದಾರಿ ಹುಡುಕೋಕೆ ಮೊದಲು ನಿಲ್ಸೋ ದಾರಿ ಎರಡು ರೆಡಿ ಇಟ್ಕೋ.

ಒಂದು, ಪ್ಲೇಟ್ ಬಿಚ್ಚಿ ರ‍್ಯಾಕನ್ನ ಬೆರಳಲ್ಲಿ ತಳ್ಳು, ಬೆಣ್ಣೆ ಹಾಗೆ ಆ ಕಡೆ ಈ ಕಡೆ ಸರೀಬೇಕು, ಸ್ಟಾಪ್ ಎಳೆದಾಗ ಪೂರ್ತಿ ಬಂದ್ ಕಡೆ ಬರ್ಬೇಕು, ವೈರ್ ಹಳೇದಾಗಿದ್ರೆ ಹೊಸದು ಹಾಕು. ಎಂಜಿನ್ ಕೈಲಿ ತಿರುಗಿಸೋವಾಗ ಆರೂ ಪ್ಲಂಜರ್ ಮೇಲೆ ಕೆಳಗೆ ಆಗ್ತಿದ್ಯಾ ನೋಡು. ಒಂದು ಮೇಲೇ ನಿಂತಿದ್ರೆ ಡೀಸೆಲ್ ಬಿಟ್ಟು ಒಂದೆರಡು ದಿನ ಕಾಯಿ, ಬರ್ಲಿಲ್ಲ ಅಂದ್ರೆ ಪಂಪ್ ಇಳಿಸಿ ಅಂಗಡಿಗೆ ಕೊಡು, ಸ್ಕ್ರೂಡ್ರೈವರ್ ಹಾಕಿ ಎತ್ತಬೇಡ, ಅದರ ಫಿಟ್ಟಿಂಗ್ ಕೂದಲಿಗಿಂತ ಸಣ್ಣ ಸಂದಿದು, ಒಂದು ಗೀರು ಬಿದ್ರೆ ಹೋತು. ಎರಡು, ಗಾಳಿ ಪೈಪಿನ ಬಾಯಿ ಅಳತೆಗಿಂತ ದೊಡ್ಡದಾಗಿ ಒಂದು ದಪ್ಪ ಹಲಗೆ ಕಡ್ದು, ಒಂದು ಬದಿಗೆ ಟ್ಯೂಬಿನ ರಬ್ಬರ್ ಮೊಳೆ ಹೊಡೆದು ಇಟ್ಕೋ. ಬಟ್ಟೆ, ಗೋಣಿ ಬೇಡ, ಒಳಗೆ ಎಳ್ಕೊಂಡುಬಿಡತ್ತೆ. ಕೈಯಂತೂ ಬೇಡವೇ ಬೇಡ.

ಡೀಸೆಲ್ ಟ್ಯಾಂಕ್ ಈಗ ಮುಟ್ಟಬೇಡ, ತಳದಲ್ಲಿ ನೀರು ಅದರ ಮೇಲೆ ಕಪ್ಪು ಲೋಳೆ ಇರತ್ತೆ, ಎಂಜಿನ್ ಸರಿ ಇದೆ ಅಂತ ಗೊತ್ತಾದ್ಮೇಲೆ ಇಳಿಸಿ ತೊಳೆದ್ರಾತು. ಮೊದಲ ಸ್ಟಾರ್ಟಿಗೆ 5 ಲೀಟರ್ ಕ್ಯಾನಲ್ಲಿ ಹೊಸ ಡೀಸೆಲ್ ತುಂಬಿ ಪಂಪಿಗಿಂತ ಎತ್ತರಕ್ಕೆ ಕಟ್ಟಿ, ಹೊಸ ಪೈಪಲ್ಲಿ ಫೀಡ್ ಪಂಪಿಗೆ ಕೊಡು. ಡೀಸೆಲ್ ಫಿಲ್ಟರ್ ಎರಡೂ ಹೊಸದು. ಡೀಸೆಲ್ ಲೈನಲ್ಲಿ ಸೇರಿದ ಏರ್ ತೆಗೆಯೋದು ನಿನಗೆ ಗೊತ್ತಿರಬಹುದು, ಹ್ಯಾಂಡ್ ಪಂಪ್ ಹೊಡೀತಾ ಮೊದಲು ಫಿಲ್ಟರ್ ಮೇಲಿನ ಸ್ಕ್ರೂ, ಆಮೇಲೆ ಪಂಪಿಂದು, ಗುಳ್ಳೆ ನಿಲ್ಲೋ ತನಕ. ನಾಝಲ್ ಪೈಪಿನ ನಟ್ ಸಡಿಲ ಮಾಡಿ ಸೆಲ್ಫ್ ಹೊಡೆಯೋವಾಗ ಬೆರಳಿಟ್ಟು ನೋಡ್ಬೇಡ, ಆ ಪ್ರೆಶರಿಗೆ ಡೀಸೆಲ್ ಚರ್ಮದೊಳಗೇ ಹೋಗತ್ತೆ.

ರೇಡಿಯೇಟರ್ ನೀರು ತುಂಬು, ಹೋಸ್ ಒತ್ತಿ ನೋಡು, ಫ್ಯಾನ್ ಕೈಲಿ ತಿರುಗತ್ತಾ ನೋಡು.

ಈಗ ಬ್ಯಾಟರಿ ತಾ. ಗಾಡಿ 12 ವೋಲ್ಟಾ 24 ವೋಲ್ಟಾ ಹಳೇ ಸೆಲ್ಫ್ ಮೋಟರಿನ ಮೇಲೆ ಓದ್ಕೊಂಡು ತಾ, ಬೇರೆಯವರ ಮಾತು ಕೇಳಿ ತರ್ಬೇಡ. ಸ್ಟಾಪ್ ಎಳೆದಿಟ್ಟೇ ಹತ್ತು ಹದಿನೈದು ಸೆಕೆಂಡ್ ಸೆಲ್ಫ್ ಹೊಡಿ, ಎರಡು ನಿಮಿಷ ಬಿಡು, ಮತ್ತೆ ಹೊಡಿ, ಆಯಿಲ್ ಪ್ರೆಶರ್ ಮುಳ್ಳು ಏಳೋ ತನಕ ಹೀಗೇ. ಬೇರಿಂಗಲ್ಲಿ 9 ವರ್ಷದಿಂದ ಆಯಿಲ್ ಇಲ್ಲ, ಅದು ತಲುಪೋ ಮೊದಲು ಎಂಜಿನ್ ಸ್ಟಾರ್ಟ್ ಆಗಬಾರದು. ಮುಳ್ಳು ಎದ್ದ ಮೇಲೆ ಸ್ಟಾಪ್ ಬಿಡು. ಒಬ್ಬ ಹಲಗೆ ಹಿಡ್ಕೊಂಡು ಗಾಳಿ ಬಾಯಿ ಹತ್ರ, ಒಬ್ಬ ಒಳಗೆ ಸ್ಟಾಪ್ ನಾಬ್ ಮೇಲೆ ಕೈ, ಮೂರನೆಯವರು ಬೇಡ, ಮಕ್ಕಳು ಶೆಡ್ಡಿಂದ ಹೊರಗೆ. ಪೆಟ್ರೋಲಲ್ಲಿ ಅದ್ದಿದ ಬಟ್ಟೆ ಗಾಳಿ ಪೈಪಿಗೆ ಹಿಡಿಯೋ ಪದ್ಧತಿ ನಮ್ಮಲ್ಲಿ ಇದೆ, ತುಕ್ಕು ಹಿಡಿದ ರಿಂಗಿಗೆ ಆ ಹೊಡೆತ ಕೊಡ್ಬೇಡ.

ಎದ್ದರೆ ಬಿಳಿ ಹೊಗೆ ಬರತ್ತೆ, ಸಿಲಿಂಡರಿಗೆ ಬಿಟ್ಟ ಆಯಿಲ್ ಉರಿಯೋವಾಗ ನೀಲಿನೂ ಬರತ್ತೆ, ಸಿಲೆನ್ಸರಿಂದ ಇಲಿಗೂಡಿನ ಚೂರೂ ಹಾರತ್ತೆ, ಹೆದರ್ಬೇಡ. ರೇಸ್ ಕೊಡ್ಬೇಡ. ಪ್ರೆಶರ್ ಮುಳ್ಳು ಹತ್ತು ಸೆಕೆಂಡಲ್ಲಿ ಏಳದಿದ್ರೆ, ಇಲ್ಲಾ ಕೆಳಗಿಂದ ಡಬ್ ಡಬ್ ಅಂತ ಭಾರದ ಶಬ್ದ ಬಂದ್ರೆ ಆಗಲೇ ಬಂದ್ ಮಾಡು. ಎರಡು ನಿಮಿಷ ಓಡ್ಸಿ ನಿಲ್ಸು, ಕೆಳಗೆ ಅಡಿಕೆ ಹಾಳೆ ಹರಡಿಟ್ಟಿದ್ರೆ ಎಲ್ಲಿ ಸೋರ್ತದೆ ಅಂತ ಕಾಣತ್ತೆ, ಡಿಪ್ ಸ್ಟಿಕ್ ಮತ್ತೆ ನೋಡು, ಆಮೇಲೆ ಇಪ್ಪತ್ತು ನಿಮಿಷ ಓಡ್ಸಬಹುದು. ಬ್ರೇಕು, ಟೈರು, ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್), ಇನ್ಶೂರೆನ್ಸ್ ಆಗೋ ತನಕ ಶೆಡ್ಡಿಂದ ಅಂಗಳ ದಾಟಿಸ್ಬೇಡ, ಆ ವಿಚಾರ ಬೇಕಿದ್ರೆ ಬೇರೆ ಬರೀತೀನಿ.

ಈ ವಾರ ನಾಝಲ್ ಬಿಚ್ಚೋದಾದ್ರೆ ಆರೂ ತೂತಿಂದು ಟಾರ್ಚ್ ಬಿಟ್ಟು ಫೋಟೋ ತೆಗೆದು ಇಲ್ಲೇ ಹಾಕು, ಪಂಪಿನ ಮೇಲೆ ಇರೋ ಸಣ್ಣ ನಂಬರ್ ಪ್ಲೇಟಿಂದೂ ಒಂದು ಹಾಕು, ಗವರ್ನರ್ ಯಾವ ತರದ್ದು ಅಂತ ಅದನ್ನ ನೋಡಿ ಹೇಳ್ತೀನಿ.