ಧ್ರುವಗಳ ಮೇಲಿನ ಗಾಳಿಯನ್ನು ಭೂಮಿಯ ಕಾಂತಕ್ಷೇತ್ರ ಬದಲಿಸುತ್ತದಂತೆ, ನಮ್ಮ ಕಾರವಾರದ ಮೇಲೆ ಯಾಕಿಲ್ಲ?

ಕಾಂತಕ್ಷೇತ್ರ ಗಾಳಿಯನ್ನು ನೇರವಾಗಿ ಮುಟ್ಟುವುದಿಲ್ಲ. ಬಾಹ್ಯಾಕಾಶದ ವಿದ್ಯುತ್ ಕಣಗಳಿಗೆ ದಾರಿ ಮಾಡಿಕೊಡುತ್ತದೆ, ಅಷ್ಟೇ. ಕಾಂತಸೂಜಿಯ ನಡುವಿಗೆ ದಾರ ಕಟ್ಟಿ ಕಾರವಾರದ ಬೀಚಲ್ಲಿ ತೂಗಿಬಿಡಿ: ತುದಿ ಸ್ವಲ್ಪವೇ ತಗ್ಗುತ್ತದೆ. ಸೂಜಿ ತೋರಿಸುವುದು ಕಾಂತರೇಖೆಗಳ ದಿಕ್ಕನ್ನು, ಕಣಗಳು ಸಾಗುವುದೂ ಅವುಗಳ ಗುಂಟವೇ. ಇಲ್ಲಿ ಆ ರೇಖೆಗಳು ಹೆಚ್ಚುಕಮ್ಮಿ ಅಡ್ಡ ಮಲಗಿವೆ, ಕಣಗಳಿಗೆ ಇಳಿಯಲು ದಾರಿಯಿಲ್ಲ. ಧ್ರುವದ ಹತ್ತಿರ ಅದೇ ಸೂಜಿ ನೆಟ್ಟಗೆ ನೆಲ ನೋಡುತ್ತದೆ.

ಅಲ್ಲಿ ಕಣಗಳು ಸುಮಾರು 100 ಕಿ.ಮೀ. ಎತ್ತರದವರೆಗೂ ಇಳಿದು ನೈಟ್ರೋಜನ್ ಅಣುಗಳನ್ನು ಒಡೆಯುತ್ತವೆ. ಬಿಡಿ ನೈಟ್ರೋಜನ್ ಆಕ್ಸಿಜನ್ ಜೊತೆ ಸೇರಿದರೆ ನೈಟ್ರಿಕ್ ಆಕ್ಸೈಡ್. ಬಿಸಿಲಿದ್ದರೆ ಅದು ಬೇಗ ಒಡೆದುಹೋಗುತ್ತದೆ. ಆದರೆ ಧ್ರುವದ ಚಳಿಗಾಲದಲ್ಲಿ ಬಿಸಿಲೆಲ್ಲಿ? ಉಳಿದುಕೊಂಡು, ನಿಧಾನಕ್ಕೆ ಕೆಳಗಿಳಿದು, ಓಝೋನನ್ನು ನಾಶಮಾಡುತ್ತದೆ. ನನಗಂತೂ ಅರೋರಾ (ಇದೇ ಕಣಗಳಿಂದ ಧ್ರುವದ ಆಕಾಶದಲ್ಲಿ ಮೂಡುವ ಬಣ್ಣದ ಬೆಳಕು) ನೋಡುವುದಕ್ಕಿಂತ ಇದೇ ಜಾಸ್ತಿ ಕುತೂಹಲದ್ದು.

ಕಾಂತ ಬಿರುಗಾಳಿ, ಅಂದರೆ ಸೂರ್ಯನ ಅಬ್ಬರದಿಂದ ಭೂಮಿಯ ಕಾಂತಕ್ಷೇತ್ರದ ಕಲಕಾಟ, ಎದ್ದಾಗ ಅಲ್ಲಿನ ಎತ್ತರದ ಗಾಳಿ ಬಿಸಿಯಾಗಿ ಉಬ್ಬುತ್ತದೆ. ಕೆಳಗಿನ ನೈಟ್ರೋಜನ್ ಮೇಲೇರಿ, ಬಿಡಿ ಆಕ್ಸಿಜನ್ನಿನ ಪಾಲು ಕಮ್ಮಿಯಾಗುತ್ತದೆ.