ಚುಕ್ಕಿ ಇಟ್ಟ ಕೀಗಳನ್ನು ಬಿಡಿಸುವುದು ಹೇಗೆ?

ಪ್ರಶ್ನೆ: ನನ್ನ ಜಾವಾಸ್ಕ್ರಿಪ್ಟ್ ಆಬ್ಜೆಕ್ಟ್‌ನಲ್ಲಿ (ಹೆಸರು-ಮೌಲ್ಯದ ಜೋಡಿಗಳ ಕಟ್ಟು; ಆ ಹೆಸರೇ ಕೀ) ‘ಸದಸ್ಯ.ವಿಳಾಸ.ಬೀದಿ’ಯಂಥ ಚಪ್ಪಟೆ ಕೀಗಳಿವೆ. ಅವನ್ನು ಒಂದರೊಳಗೊಂದು ಕೂರಿಸುವುದು ಹೇಗೆ?

ಉತ್ತರ: ಪ್ರತಿ ಕೀಯನ್ನೂ ಚುಕ್ಕಿಯ ಬಳಿ ತುಂಡರಿಸಿ. ಖಾಲಿ ಆಬ್ಜೆಕ್ಟ್‌ನಿಂದ ಹೊರಟು ತುಂಡು ತುಂಡಾಗಿ ಒಳಗಿಳಿಯಿರಿ. ಆ ಹೆಸರು ಅಲ್ಲಿಲ್ಲದಿದ್ದರೆ ಹೊಸ ಆಬ್ಜೆಕ್ಟ್ ಇಡಿ, ಕೊನೆಯ ತುಂಡಿಗೆ ಮಾತ್ರ ಮೌಲ್ಯ ಕೊಡಿ. ಎರಡು ಲೂಪ್ ಸಾಕು, ರಿಕರ್ಶನ್ (ಫಂಕ್ಷನ್ ತನ್ನನ್ನೇ ಮತ್ತೆ ಕರೆಯುವುದು) ಬೇಕಿಲ್ಲ.

‘ಫೋನ್.0’ ಕಂಡೊಡನೆ ಅರೇ (ಅಂಕಿಯ ಕ್ರಮದ ಪಟ್ಟಿ) ಮಾಡುವ ಆತುರ ನನಗೆ ಹಿಡಿಸುವುದಿಲ್ಲ. ಆ ಅಂಕಿ ಯಾರದೋ ಐಡಿಯೂ ಆಗಿರಬಹುದು. ‘ವಿಳಾಸ’ದಲ್ಲಿ ಬರಿಯ ಪಠ್ಯವಿದ್ದು ‘ವಿಳಾಸ.ಬೀದಿ’ಯೂ ಬಂದರೆ ಒಂದು ಮಾಹಿತಿ ಸದ್ದಿಲ್ಲದೆ ಅಳಿಯಬಹುದು. ಅಲ್ಲಿ ಎರರ್ ಕೊಟ್ಟು ನಿಲ್ಲಿಸಿ. ಹೊರಗಿನಿಂದ ಬಂದ ಕೀಯಲ್ಲಿ ‘__proto__’ (ಆಬ್ಜೆಕ್ಟ್‌ಗಳು ಹಂಚಿಕೊಳ್ಳುವ ಮೂಲ ಆಬ್ಜೆಕ್ಟ್‌ಗೆ ಕೊಂಡಿ) ಇದ್ದರಂತೂ ಕಡ್ಡಾಯವಾಗಿ ತಿರಸ್ಕರಿಸಿ: ಅದರ ಮೂಲಕ ಪ್ರೋಗ್ರಾಮಿನ ಉಳಿದ ಆಬ್ಜೆಕ್ಟ್‌ಗಳಿಗೂ ಕಲಬೆರಕೆ ಹರಡಬಹುದು.